ಮೊಣಕೈತನಕ ಬಳೆ

ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತಾರೆ. ಕುಂಕುಮ ತೀರಿತು ಎನ್ನಬಾರದು, ತುಂಬಿತು ಎನ್ನಬೇಕು. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ನಮ್ಮ ಅಬ್ಬಾ ಸಂಜೆ ಅಂಗಡಿಯ ಬಾಗಿಲು ಹಾಕುವಾಗ 'ಬಂದ್ ಮಾಡು' ಅಂದರೆ ಸಿಡಿಯುತ್ತಿದ್ದರು, 'ದುಕಾನ್ ಬಢಾ ದೋ', ಅಂಗಡಿ ಹೆಚ್ಚಿಸು, ಎನ್ನಬೇಕು. ಕೆಟ್ಟದ್ದರ ಹೆಸರು ಹಿಡಿದು ಕೂಗಿದರೆ ಅದು ಓ ಎಂದು ಎದ್ದು ಬಂದೀತೆಂಬ ಹೆದರಿಕೆ ನಮ್ಮೆಲ್ಲರ ನಾಲಿಗೆಗೂ ಇದೆ. ಅದರಲ್ಲಿ ಹಿಂದೂ ಮುಸ್ಲಿಂ ಅಂತ ಭೇದವಿಲ್ಲ.

ಇಷ್ಟೆಲ್ಲ ಜಾಣತನ ಇರುವ ಈ ನಾಲಿಗೆಗೆ ಒಂದು ಸಂಗತಿಗೆ ಮಾತ್ರ ಪದ ಸಿಗಲಿಲ್ಲ. ಸಾಯುವ ಇರಾದೆ ಇಲ್ಲದೆ, ಯಾರಿಗೂ ಕಾಣದ ಹಾಗೆ, ಒಬ್ಬಳು ತನ್ನ ಮೈಗೆ ತಾನೇ ನೋವು ಮಾಡಿಕೊಂಡರೆ ಅದನ್ನು ಏನೆನ್ನಬೇಕು? ಅದಕ್ಕೆ ತಪ್ಪು ಹೆಸರಿಟ್ಟು ಒಬ್ಬ ತಾಯಿಯನ್ನೂ ಅವಳ ಸಣ್ಣ ಮಗಳನ್ನೂ ಬೇರೆ ಮಾಡಿದ್ದನ್ನು ನಾನು ಹತ್ತಿರವೇ ಕೂತು ನೋಡಿದ್ದೇನೆ. ಸರಿಯಾದ ಪದ ಮೊದಲೇ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬಹುಶಃ ಆಗಲೂ ಹೀಗೇ ಆಗುತ್ತಿತ್ತು.

ನಮ್ಮದು ಬಳೆಗಾರರ ಮನೆ. ಗೋಕಾಕದ ಹಳೆ ಪೇಟೆಯಲ್ಲಿ ಅಬ್ಬಾ ಇಟ್ಟ ಅಂಗಡಿಯನ್ನು ಈಗ ನಾನು ನಡೆಸುತ್ತೇನೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿ ಬರುತ್ತವೆ, ಮತ್ತು ನನಗೆ ಸಿಟ್ಟು ಬೇಗ ಬರುತ್ತದೆ. ಮೂಡಲಗಿಯ ಸಂತೆಗೆ ಪೆಟ್ಟಿಗೆ ಒಯ್ಯುತ್ತೇನೆ. ಮದುವೆ, ಬಸುರಿಯರ ಕುಬಸದ ದಿನಗಳಲ್ಲಿ ಹುಕ್ಕೇರಿ ಕಡೆಯ ಹಳ್ಳಿಗಳಿಗೂ ಹೋಗುತ್ತೇನೆ. ಬಳೆ ಇಡುವವಳಿಗೆ ಹೆಣ್ಣುಮಕ್ಕಳ ಮುಖಕ್ಕಿಂತ ಕೈಯ ಗುರುತು ಹೆಚ್ಚು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ, ಕಬ್ಬಿನ ಗರಿ ಗೀರಿದ ಮುಂಗೈ, ಹೊಲಿಗೆ ಯಂತ್ರದ ಮುಂದೆ ಕೂತವಳ ತೋರುಬೆರಳು, ಎಲ್ಲ ನನ್ನ ಕೈಗೆ ಬಂದು ಹೋಗಿವೆ. ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಮೆತ್ತಗೆ ಒತ್ತಿ, ಬಳೆಯನ್ನು ತುಸು ಓರೆ ತಿರುಗಿಸಿ ದಾಟಿಸಬೇಕು. ಆ ಹೊತ್ತಿನಲ್ಲಿ ಹೆಂಗಸರು ಕೈಯನ್ನು ನಮಗೆ ಬಿಟ್ಟುಬಿಡುತ್ತಾರೆ. ಗಂಡನ ಮುಂದೆ ಬಿಗಿಹಿಡಿದ ಕೈಯನ್ನೂ ಬಳೆಗಾರತಿಯ ಮುಂದೆ ಸಡಿಲ ಬಿಡುತ್ತಾರೆ.

ಈಗಿನವರು ಗಾಜಿನ ಬಳೆ ಕೇಳುವುದೇ ಕಡಿಮೆ. ಒಂದು ಕೈಗೆ ವಾಚು, ಇನ್ನೊಂದಕ್ಕೆ ಒಂದು ಕಡಗ, ಮುಗಿಯಿತು. ಹಬ್ಬ ಬಂದರೆ ಶಾಸ್ತ್ರಕ್ಕೆ ಒಂದೆರಡು. ಅಂಥ ಕಾಲದಲ್ಲಿ ಯಮಕನಮರಡಿಯ ಒಬ್ಬ ಹಿರಿಯ ಹೆಂಗಸು ತನ್ನ ಸೊಸೆಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದು, "ನಮ್ಮ ಸೊಸಿಗೆ ಮೊಣಕೈತನಕ ಬಳಿ ಬೇಕಂತ ನೋಡ್ರಿ. ಈಗಿನ ಕಾಲದಾಗ ಇಂಥಾಕಿ ಎಲ್ಲಿ ಸಿಗತಾಳ" ಎಂದು ನಾಲ್ಕು ಜನಕ್ಕೆ ಕೇಳಿಸುವಂತೆ ಹೇಳಿದಳು. ಅವಳ ಮಗ ಮಾಲು ಸಾಗಿಸುವ ಗಾಡಿ ಓಡಿಸುತ್ತಾನೆ, ವಾರದಲ್ಲಿ ಹೆಚ್ಚು ದಿನ ಹೆದ್ದಾರಿಯ ಮೇಲೇ ಇರುತ್ತಾನೆ. ಸೊಸೆ ಮೂಡಲಗಿಯ ರೈತರ ಮನೆಯ ಹುಡುಗಿ. ಅವಳ ಸೊಂಟದ ಮೇಲೊಂದು ಹೆಣ್ಣುಕೂಸು. ಸೊಸೆ ತಲೆ ತಗ್ಗಿಸಿ ನಗುತ್ತಿದ್ದಳು. ನನಗೂ ಖುಷಿಯಾಯಿತು, ಯಾವ ಬಳೆಗಾರತಿಗೆ ಆಗುವುದಿಲ್ಲ? ಹಸಿರು ಬಳೆಯ ಇಡೀ ಕಟ್ಟು ಬಿಚ್ಚಿದೆ.

ಅತ್ತೆ ಬಾಜೂ ಅಂಗಡಿಗೆ ಹೋದಳು. ನಾನು ಹುಡುಗಿಯ ಕೈ ಹಿಡಿದೆ. ಅವಳು ಕೈ ಸಡಿಲ ಬಿಡಲಿಲ್ಲ, ಬೆರಳು ಮಡಚಿ ಬಿಗಿಹಿಡಿದಿದ್ದಳು. ರವಿಕೆಯ ತೋಳು ಮೊಣಕೈತನಕ ಇತ್ತು, ಅದರ ಕೆಳಗೆ ಹಳೆಯ ಗಾಯದ ಗುರುತುಗಳಿದ್ದವು, ಕೆಲವು ಹಳೆಯವೂ ಅಲ್ಲ. ಅವು ಹೇಗಿದ್ದವು, ಹೇಗಾದವು ಎಂದು ನಾನು ಬರೆಯುವುದಿಲ್ಲ. ಅದನ್ನು ತಿಳಿದು ಯಾರಿಗೂ ಯಾವ ಉಪಯೋಗವೂ ಇಲ್ಲ.

"ಕಬ್ಬಿನ ರವದಿ ತಾಗೇತ್ರಿ ಚಾಚಿ" ಅಂದಳು, ನಾನು ಕೇಳುವ ಮೊದಲೇ.

ರವದಿ ಅಂದರೆ ಕಬ್ಬಿನ ಒಣಗಿದ ಗರಿ. ಘಟಪ್ರಭೆಯ ನೀರು ಕುಡಿದ ಹೊಲಗಳಲ್ಲಿ ದುಡಿಯುವ ನೂರಾರು ಹೆಂಗಸರ ಕೈಯನ್ನು ನಾನು ಹಿಡಿದಿದ್ದೇನೆ. ರವದಿ ಮನಬಂದ ಕಡೆ ಗೀರುತ್ತದೆ, ಸಾಲು ಹಿಡಿದು ಗೀರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೆ ಗೊತ್ತಾಯಿತು ಎಂಬುದೂ ಗೊತ್ತಾಯಿತು. ನಾನು ಎಣ್ಣೆ ಹಚ್ಚಿ ನಿಧಾನಕ್ಕೆ ಬಳೆ ಇಟ್ಟೆ. "ರವದಿ ಮತ್ತ ತಾಗೂದಕ್ಕ ಮೊದಲ ನನ್ನ ಅಂಗಡಿಗೆ ಬಾ ಮಗಳ. ಬಳಿ ತೊಗೊಳ್ಳಾಕ ಅಲ್ಲ, ಸುಮ್ನ ಕೂಡಾಕ" ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಅತ್ತೆ ಬಂದು ತುಂಬಿದ ಕೈ ನೋಡಿ ದೃಷ್ಟಿ ತೆಗೆದಳು.

ಅವರು ಹೋದಮೇಲೆ ನಾನು ಬಹಳ ಯೋಚಿಸಿದೆ. ನಮ್ಮ ಕಡೆ ಮೈ ನೋಯಿಸಿಕೊಳ್ಳುವುದು ಹೊಸದೇನಲ್ಲ. ಜಗಳ ಆದರೆ ಗೋಡೆಗೆ ಹಣೆ ಚಚ್ಚಿಕೊಳ್ಳುವವರು ಎಲ್ಲ ಓಣಿಯಲ್ಲೂ ಇದ್ದಾರೆ. ತಪ್ಪಾಯಿತು ಅಂತ ಗಲ್ಲ ಗಲ್ಲ ಬಡಿದುಕೊಳ್ಳುತ್ತಾರೆ. ಸಿಟ್ಟಿಗೆ ಉಪವಾಸ ಬೀಳುತ್ತಾರೆ, ಸತ್ತ ಮನೆಯಲ್ಲಿ ಎದೆ ಬಡಿದುಕೊಳ್ಳುತ್ತಾರೆ, ಹರಕೆ ಹೊತ್ತು ಬಿಸಿಲಲ್ಲಿ ಉರುಳುತ್ತಾರೆ. ಇವಕ್ಕೆಲ್ಲ ಹೆಸರುಂಟು: ಸಿಟ್ಟು, ದುಃಖ, ಭಕ್ತಿ. ಯಾಕೆಂದರೆ ಇವೆಲ್ಲ ನಾಲ್ಕು ಜನರ ಮುಂದೆ ಆಗುತ್ತವೆ, ಯಾರಾದರೂ ಓಡಿ ಬಂದು ಕೈ ಹಿಡಿಯುತ್ತಾರೆ, 'ಸಾಕು ಬಿಡವ್ವಾ' ಅನ್ನುತ್ತಾರೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿಕೊಂಡರೆ ಕೈ ಹಿಡಿಯುವವರೂ ಇಲ್ಲ, ಹೆಸರೂ ಇಲ್ಲ. ನನಗೆ ಗೊತ್ತಿದ್ದ ಮಾತು ಒಂದೇ, 'ಜೀವಕ್ಕ ಏನರ ಮಾಡ್ಕೊಂಡಾಳ' ಅನ್ನುವುದು. ನಮ್ಮಲ್ಲಿ ಆ ಮಾತಿನ ಅರ್ಥ ಸಾವು. ಅದನ್ನು ಆಡಿದ ಮನೆಗೆ ಊರವರು ಓಡುತ್ತಾರೆ, ಆಮೇಲೆ ಆ ಮನೆಯ ಹುಡುಗಿಯನ್ನು ಯಾರೂ ಮೊದಲಿನಂತೆ ನೋಡುವುದಿಲ್ಲ.

ಆ ಹುಡುಗಿ ನಿಜವಾಗಿಯೂ ಬಂದಳು. ತವರಿಗೆ ಹೊರಟವಳು ಗೋಕಾಕದಲ್ಲಿ ಇಳಿದು, ಕೂಸನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಮಧ್ಯಾಹ್ನದ ಹೊತ್ತು, ಗಿರಾಕಿ ಇರಲಿಲ್ಲ. ಕೂಸು ನನ್ನ ಕಡ್ಡಿಗೆ ಪೋಣಿಸಿಟ್ಟ ಬಳೆಗಳನ್ನೆಲ್ಲ ಕೆಳಗೆಳೆದು ತನ್ನ ಪುಟ್ಟ ತೋಳಿಗೆ ಭುಜದತನಕ ಏರಿಸಿಕೊಂಡು ಕುಣಿಯಿತು. ನಾನು ಬೈಯಲಿಲ್ಲ. ಅದರ ಅಳತೆಯ ಎರಡು ಬಳೆ ಹುಡುಕಿ ಇಟ್ಟೆ. ಬಳೆಯ ಅಳತೆಗೆ ನಮ್ಮಲ್ಲಿ ಲೆಕ್ಕವಿದೆ, ದೊಡ್ಡವರದು ಎರಡು-ನಾಲ್ಕು, ಎರಡು-ಆರು, ಮಕ್ಕಳದು ಒಂದು-ಹತ್ತರಿಂದ ಶುರು. ಆಗ ಅದರದು ಒಂದು-ಹತ್ತು.

ಹುಡುಗಿ ಚಹಾದ ಬಟ್ಟಲು ಹಿಡಿದು ಕೂಸಿನ ಕುಣಿತ ನೋಡುತ್ತಿದ್ದಳು. ಆಮೇಲೆ ಅಂದಳು:

"ಸಾಯಾಕಲ್ರಿ ಚಾಚಿ. ನೀವು ಹಂಗ ತಿಳಕೋಬ್ಯಾಡ್ರಿ. ನನಗ ಸಾಯೂದ ಬ್ಯಾಡ, ಈಕಿ ಅದಾಳಲ್ಲ."

"ಮತ್ಯಾಕ ಮಗಳ?"

"ಒಳಗ ಏನೋ ತುಂಬಿಕೋತೈತಿ. ಅದನ್ನ ಹೇಳಾಕ ಬರೂದಿಲ್ಲ. ಮಾಡ್ಕೊಂಡ ಮ್ಯಾಲ ನಾಚಿಕಿ ಬರ್ತೈತಿ, ಆ ನಾಚಿಕಿನೂ ಒಳಗ ತುಂಬಿಕೋತೈತಿ. ಬಿಡಬೇಕಂತೀನಿ, ಆಗವಲ್ದು."

ಗಂಡ ಹೊಡೆಯುತ್ತಾನೆಯೇ ಅಂತ ಕೇಳಿದೆ. ಇಲ್ಲ ಅಂದಳು. ಅತ್ತೆ ಕಾಡುತ್ತಾಳೆಯೇ? ಇಲ್ಲ, ಅತ್ತೆ ಹೊಗಳುತ್ತಾಳೆ. ಅದು ನನಗೂ ಗೊತ್ತಿತ್ತು. ಉಣ್ಣಲು ಉಡಲು ಕಡಿಮೆಯಿಲ್ಲ. ಕೂಸು ಹುಟ್ಟಿದಮೇಲೆ ಶುರುವಾಯಿತೇ? ಅದಕ್ಕೂ ಮೊದಲೇ, ಹೈಸ್ಕೂಲಿನಲ್ಲಿದ್ದಾಗಲೇ ಒಮ್ಮೆ, ಮಧ್ಯೆ ಬಿಟ್ಟಿತ್ತು, ಈಗ ಮತ್ತೆ ಬಂತು. ನಾನು ಕಾರಣ ಹುಡುಕುತ್ತಿದ್ದೆ, ಒಂದು ಕಾರಣ ಸಿಕ್ಕರೆ ಅದರ ಕುತ್ತಿಗೆ ಹಿಡಿಯಬಹುದಿತ್ತು. ಏನೂ ಸಿಗಲಿಲ್ಲ.

ನನ್ನ ಗಿರಾಕಿಯೊಬ್ಬಳು ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಕೇಳಿ, ಹುಡುಗಿಯ ತಾಯಿಯನ್ನು ಮೂಡಲಗಿಯಿಂದ ಕರೆಸಿ, ಮೂವರೂ ಒಬ್ಬ ಮನೋರೋಗದ ಡಾಕ್ಟರ ಬಳಿ ಹೋದೆವು. ಮೆತ್ತಗೆ ಮಾತಾಡುವ ಹೆಣ್ಣುಮಗಳು. ಹುಡುಗಿಯೊಬ್ಬಳ ಜೊತೆಗೇ ಬಹಳ ಹೊತ್ತು ಮಾತಾಡಿ, ಆಮೇಲೆ ನಮ್ಮನ್ನು ಒಳಗೆ ಕರೆದಳು. "ಇದಕ್ಕ ಸ್ವಯಂ ಹಾನಿ ಅಂತೀವ್ರಿ" ಅಂದಳು. ನಾನು ಆ ಪದವನ್ನು ಮೊದಲ ಸಲ ಕೇಳಿದೆ. "ಇದು ಆತ್ಮಹತ್ಯೆ ಯತ್ನ ಅಲ್ಲ. ನಾಟಕನೂ ಅಲ್ಲ, ಹುಚ್ಚೂ ಅಲ್ಲ. ತಡಕೊಳ್ಳಾಕ ಆಗದ ನೋವನ್ನ ಹೊರಗ ಹಾಕೂ ಬ್ಯಾರೆ ದಾರಿ ಸಿಗದವರು ಹಿಂಗ ಮಾಡ್ಕೋತಾರ. ಆದ್ರ ಹಗುರ ತಿಳೀಬ್ಯಾಡ್ರಿ. ಹಿಂಗ ಬಿಟ್ರ ಮುಂದ ಜೀವಕ್ಕೂ ತ್ರಾಸ ಆಗಬಹುದು. ಇದು ಕಡಿಮಿ ಆಗೂವಂಥಾದ್ದು, ಭಾಳ ಮಂದಿಗೆ ಕಡಿಮಿ ಆಗೇತಿ. ಆಕಿ ಮಾತಾಡಾಕ ಬರ್ತಿರಬೇಕು, ನೀವು ಬೈಬಾರದು, ತಪಾಸ ಮಾಡಬಾರದು, ಬಾಜೂ ಕೂಡ್ರಬೇಕು."

ಹೊರಡುವಾಗ ತಾಯಿಗೆ ಇನ್ನೊಂದು ಮಾತು ಹೇಳಿದಳು: "ಸದ್ಯ ಚೂಪಾದ ಸಾಮಾನು, ಗಾಜು, ಇಂಥಾವನ್ನ ಆಕಿ ಕೈಗೆ ಸಿಗದಂಗ ಇಡ್ರಿ." ತಪ್ಪೇನಿಲ್ಲ, ಹೇಳಬೇಕಾದ ಮಾತೇ. ತಾಯಿ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಂತೆ ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳು. ಉಳಿದದ್ದೆಲ್ಲ ಅವಳಿಗೆ ಹೊಸ ಭಾಷೆ, ಈ ಒಂದು ಮಾತು ಮಾತ್ರ ಕೈಯಿಂದ ಮಾಡಬಹುದಾದದ್ದು.

ಆ ಕೆಲವು ವಾರ ನಾನು ಆಸೆ ಇಟ್ಟುಕೊಂಡಿದ್ದೆ. ಹುಡುಗಿ ತವರಿನ ನೆಪ ಹೇಳಿ ಬಂದು ಡಾಕ್ಟರನ್ನು ಕಾಣುತ್ತಿದ್ದಳು, ಹೋಗುವಾಗ ನನ್ನ ಅಂಗಡಿಯಲ್ಲಿ ಕೂತು ಹೋಗುತ್ತಿದ್ದಳು. ಒಮ್ಮೆ ಕೂಸಿನ ಚೇಷ್ಟೆ ಹೇಳಿ ಬಾಯಿ ತುಂಬ ನಕ್ಕಳು. ಕೈಯನ್ನು ನನಗೆ ಸಡಿಲ ಬಿಟ್ಟಳು.

ಆಮೇಲೆ ಅತ್ತೆಗೆ ಗೊತ್ತಾಯಿತು. ಕೂಸಿಗೆ ಎರೆಯುವಾಗ ಹುಡುಗಿ ಬಳೆಗಳನ್ನು ಮೇಲೆ ಸರಿಸಿದ್ದಳು, ಬಿಸಿನೀರು ತಂದ ಅತ್ತೆ ನೋಡಿಬಿಟ್ಟಳು. ಕೊಡ ಅಲ್ಲೇ ಇಟ್ಟು ಓಣಿಗೆ ಬಂದು, "ಜೀವಕ್ಕ ಮಾಡ್ಕೊಳ್ಳಾಕ ಹತ್ಯಾಳವ್ವಾ, ನಮ್ಮ ಮನಿತನಾ ಮಣ್ಣಗೂಡಸ್ತಾಳ" ಎಂದು ಅತ್ತಳಂತೆ. ಅವಳ ಅಳು ಖೊಟ್ಟಿಯಲ್ಲ. ಹೆದರಿದ್ದಳು. ಅವಳ ಬಾಯಲ್ಲಿ ಇದ್ದದ್ದೂ ಅದೊಂದೇ ಮಾತು, ನನ್ನ ಬಾಯಲ್ಲಿ ಮೊದಲು ಇದ್ದದ್ದೇ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಕೆಲವರು ಯಾರನ್ನೋ ಪ್ರೀತಿ ಮಾಡಿದ್ದಾಳೆ ಅಂದರು, ಕೆಲವರು ಗಾಳಿ ಹಿಡಿದಿದೆ ಅಂದರು. ಮರುದಿನ ಗಂಡ ಅವಳನ್ನು ತನ್ನ ಗಾಡಿಯಲ್ಲೇ ಕೂರಿಸಿ ಮೂಡಲಗಿಗೆ ತಂದು ಬಿಟ್ಟ. ಕೂಸನ್ನು ಕಳಿಸಲಿಲ್ಲ.

"ತನ್ನ ಮೈಮ್ಯಾಲ ಕರುಣೆ ಇಲ್ಲದಾಕಿ ಕೂಸಿನ ಮ್ಯಾಲ ಇಟ್ಟಾಳೇನು?" ಅತ್ತೆ ಹಾಗೆ ಕೇಳಿದಳಂತೆ. ಈ ಪ್ರಶ್ನೆಯನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದೆ. ಎಲ್ಲರಿಗೂ ಅದು ಬಹಳ ಬುದ್ಧಿವಂತಿಕೆಯ ಪ್ರಶ್ನೆ ಅನ್ನಿಸುತ್ತಿತ್ತು. ತನ್ನ ಕೈಗೆ ನೋವು ಮಾಡಿಕೊಂಡವಳು ಆ ಕೂಸಿಗೆ ಒಂದು ಸೊಳ್ಳೆ ಕಚ್ಚದಂತೆ ನೋಡಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಿದರೆ, 'ನಿಮಗ್ಯಾಕ್ರಿ ಊರ ಉಸಾಬರಿ, ಬಳಿ ಮಾರ್ರಿ' ಅಂದರು.

ಹಿರಿಯರು ಮೂಡಲಗಿಯಲ್ಲಿ, ಹುಡುಗಿಯ ಮನೆಯಲ್ಲಿ ಕೂತು ಮಾತಾಡುವುದು ಅಂತ ಆಯಿತು. ಯಮಕನಮರಡಿಯಿಂದ ಗಂಡ, ಅತ್ತೆ, ಅವರ ಕಡೆಯ ಇಬ್ಬರು ಹಿರಿಯರು ಬರುತ್ತಾರೆ, ಮಾತು ಸರಿಹೋದರೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ, ಅವಳು ಕೂಸಿನ ಬಳಿ ಸೇರುತ್ತಾಳೆ. ಅಂದು ಸಂತೆ ದಿನ. ಹುಡುಗಿಯ ತಾಯಿ ನನಗೆ ಫೋನ್ ಮಾಡಿ, "ನೀವು ಬಂದು ಡಾಕ್ಟರ್ ಹೇಳಿದ್ದನ್ನ ತಿಳಿಸಿ ಹೇಳ್ರಿ ಚಾಚಿ, ನಮಗ ಆ ಮಾತ ಬರೂದಿಲ್ಲ" ಅಂದಿದ್ದಳು. ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ. ಸ್ವಯಂ ಹಾನಿ. ಅದನ್ನು ನಮ್ಮ ಮಾತಿನಲ್ಲಿ ಹೇಗೆ ಹೇಳಲಿ? ತಾನ ತನಗ ನೋವು ಮಾಡ್ಕೊಳ್ಳೂದು. ಬಸ್ಸಿನಲ್ಲಿ ಪಕ್ಕದವಳು ನನ್ನ ತುಟಿ ಅಲ್ಲಾಡುವುದನ್ನು ನೋಡಿ ದುವಾ ಓದುತ್ತಿದ್ದೇನೆ ಅಂದುಕೊಂಡಳು.

ನಾನು ಹೋಗುವಷ್ಟರಲ್ಲಿ ಅವರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಪೆಟ್ಟಿಗೆ ಕೆಳಗಿಟ್ಟು ನಾನೂ ಒಂದು ಬದಿಗೆ ಕೂತೆ. ತಾಯಿ ಮಗಳನ್ನು ನೀರು ಕೊಡಲು ಕರೆದಳು. ಹುಡುಗಿ ತಂಬಿಗೆ ಹಿಡಿದು ಬಂದಳು.

ಅವಳ ಕೈಯಲ್ಲಿ ಒಂದೇ ಒಂದು ಬಳೆ ಇರಲಿಲ್ಲ.

ಡಾಕ್ಟರು ಗಾಜು ಬೇಡ ಅಂದಿದ್ದಳು. ತಾಯಿ ಮನೆಯ ಕನ್ನಡಿ ಇಳಿಸಿದ್ದಳು, ಔಷಧದ ಸೀಸೆ ಎತ್ತಿಟ್ಟಿದ್ದಳು, ಗಾಜಿನ ಗ್ಲಾಸು ಅಟ್ಟಕ್ಕೆ ಹಾಕಿದ್ದಳು, ಕೊನೆಗೆ ಮಗಳ ಕೈಬಳೆಗಳನ್ನೂ ತೆಗೆಸಿದ್ದಳು. ಮಗಳನ್ನು ಉಳಿಸಿಕೊಳ್ಳಬೇಕು ಅನ್ನುವ ಹೆದರಿಕೆಯಲ್ಲಿ, ಬಳೆ ತೆಗೆದ ಕೈ ಎಂದರೆ ಊರ ಕಣ್ಣಿಗೆ ಏನು ಎಂಬುದನ್ನು ಆ ತಾಯಿ ಮರೆತೇಬಿಟ್ಟಿದ್ದಳು. ಗಂಡ ಸತ್ತವಳ ಕೈ ಮಾತ್ರ ಹಾಗಿರುತ್ತದೆ. ಗಂಡ ಎದುರಿಗೇ ಚಾಪೆಯ ಮೇಲೆ ಕೂತಿದ್ದ.

ಅತ್ತೆ ಎದ್ದು ನಿಂತಳು. "ನನ್ನ ಮಗ ಇನ್ನಾ ಜೀವಂತ ಅದಾನ್ರಿ! ಅಂವನ ಮುಂದ ಕೈ ಬೋಳ ಮಾಡಿ ನಿಂದ್ರಸೀರಿ? ಆಕಿ ತನ್ನ ಜೀವಾ ತಿನ್ನಾಕತ್ತಿದ್ಲು, ನೀವು ನನ್ನ ಮಗನ ಜೀವಾ ತಿನ್ನಾಕತ್ತೀರಿ!"

"ಹಂಗಲ್ರೀ ಬೀಗತೇರ, ಡಾಕ್ಟರ್ ಗಾಜ ಬ್ಯಾಡ ಅಂದಿದ್ರರೀ" ಎಂದು ತಾಯಿ ಅಳತೊಡಗಿದಳು. ಬಳೆಯಿಲ್ಲದ ಕೈಯ ಮೇಲಿದ್ದ ಗುರುತುಗಳೆಲ್ಲ ಈಗ ಎಲ್ಲರಿಗೂ ಕಾಣುತ್ತಿದ್ದವು. ಹುಡುಗಿ ತಂಬಿಗೆಯನ್ನು ಎದೆಗೆ ಅವಚಿ ಕೈ ಮುಚ್ಚಿಕೊಳ್ಳಲು ನೋಡಿದಳು. ನೀರು ಸೀರೆಯ ಮೇಲೆಲ್ಲ ಚೆಲ್ಲಿತು.

ನಾನು ಬಾಯಿ ತೆರೆದೆ. ಇದು ಸ್ವಯಂ ಹಾನಿ ಅನ್ನುವಂಥಾದ್ದು, ಇದು ಸಾಯುವುದಕ್ಕಲ್ಲ, ಒಳಗಿನ ನೋವು ತಡೆಯಲಾರದೆ ಮಾಡಿಕೊಳ್ಳುವುದು, ಡಾಕ್ಟರ ಜೊತೆ ಮಾತಾಡುತ್ತಿದ್ದರೆ ಕಡಿಮೆಯಾಗುತ್ತದೆ ಎಂದೆಲ್ಲ ಹೇಳಿದೆ. ಇಬ್ಬರು ಹಿರಿಯರಲ್ಲಿ ಹೆಚ್ಚು ವಯಸ್ಸಾದವರು ಸಮಾಧಾನದ ಮನುಷ್ಯ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಹಂಗಂದ್ರ ಏನ್ರಿ? ಅರ್ಧಾ ಸಾಯೂದಾ?"

ಅವರು ಚೇಷ್ಟೆಗೆ ಕೇಳಲಿಲ್ಲ. ತಿಳಿದುಕೊಳ್ಳಲಿಕ್ಕೇ ಕೇಳಿದರು. ಬದುಕೂದಕ್ಕರೀ, ಬದುಕಾಕ ಹೆಣಗ್ಯಾಡೂದು, ತಪ್ಪ ದಾರಿಲೆ ಹೆಣಗ್ಯಾಡೂದು ಅಂತ ಆಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವಾಗ ಹೊಳೆಯಿತು. ಅಲ್ಲಿ ಬರೀ "ಅಲ್ರಿ, ಅಲ್ರಿ" ಅಂದೆ.

ಗಂಡ ಅಷ್ಟು ಹೊತ್ತು ಚಾಪೆಯ ಎಳೆ ಕೀಳುತ್ತ ಕೂತಿದ್ದ. ಅವನು ಕೆಟ್ಟವನಲ್ಲ. ತಲೆ ಎತ್ತಿ ಹೆಂಡತಿಯನ್ನು ನೋಡಿ, "ನನಗ್ಯಾಕ ಹೇಳಲಿಲ್ಲ?" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಒಂದು ಗಳಿಗೆ ನನಗೆ ಎಲ್ಲ ಸರಿಹೋದೀತು ಅನ್ನಿಸಿತು.

"ಏನಂತ ಹೇಳ್ಲಿ?" ಅಂದಳು ಅವಳು. ಎದುರು ಮಾತಲ್ಲ ಅದು, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಅವನು ಕಾದ. ಅವಳು ಬಾಯಿ ತೆರೆದು ಮುಚ್ಚಿದಳು. ಅವನಿಗೆ ಅದು ಹಟವಾಗಿ ಕಂಡಿರಬೇಕು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಉಳಿದವರೂ ಎದ್ದರು. ತಂದ ನೀರನ್ನು ಯಾರೂ ಕುಡಿದಿರಲಿಲ್ಲ.

ಅವರು ಹೋದಮೇಲೆ ನಾನು ಆ ತಾಯಿಯ ಮೇಲೆ ಹರಿಹಾಯ್ದೆ. ಪ್ಲಾಸ್ಟಿಕ್ ಬಳೆ ಇರಲಿಲ್ಲವೇ, ಹಿತ್ತಾಳೆಯವು ಇರಲಿಲ್ಲವೇ, ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ. ಅವಳು ಒಲೆಯ ಮುಂದೆ ಕುಸಿದು, "ಆಕಿ ಉಳೀಲಿ ಅಂತ ಮಾಡಿದ್ನಿರಿ" ಅಂದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪೆಟ್ಟಿಗೆ ತೆಗೆದು ಹಸಿರು ಪ್ಲಾಸ್ಟಿಕ್ ಬಳೆಗಳನ್ನು ಹುಡುಗಿಗೆ ಇಟ್ಟೆ. ಅವು ಎಷ್ಟು ಸಲೀಸಾಗಿ ಹೋದವೆಂದರೆ ನನ್ನ ಕೈಗೆ ಕೆಲಸವೇ ಇರಲಿಲ್ಲ. ಸದ್ದೂ ಇಲ್ಲ.

ಮುಂದೆ ಹುಡುಗಿಯ ಮನೆಯವರು ಎರಡು ಸಲ ಹುಕ್ಕೇರಿಯಲ್ಲಿ ಮಾತುಕತೆಗೆ ಕರೆದರು, ಎರಡು ಸಲವೂ ಗಂಡನ ಕಡೆಯವರು ಬರಲಿಲ್ಲ. ಡಾಕ್ಟರ ಬಳಿ ಹೋಗುವುದೂ ನಿಂತಿತು. ಓಣಿಯವರು 'ಹುಚ್ಚರ ದವಾಖಾನಿಗೆ ಹೊಂಟಾಳ' ಅನ್ನುತ್ತಾರೆ, ನಾಳೆ ಕೋರ್ಟಿಗೆ ಹೋದರೆ ಅದನ್ನೇ ಹಿಡಿದು ಕೂಸನ್ನು ಕೊಡುವುದಿಲ್ಲ ಅನ್ನುತ್ತಾರೆ ಎಂದು ಯಾರೋ ಹುಡುಗಿಯ ತಲೆಯಲ್ಲಿ ತುಂಬಿದ್ದರು. ನಾನು ಬೈದೆ, ಬೇಡಿಕೊಂಡೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದೆ. ಒಂದು ಸಲ ಬಂದಳು. ಮುಂದಿನ ಸಲ ಬರಲಿಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ಈಗ ದೊಡ್ಡ ಅಕ್ಷರದಲ್ಲಿ ಸ್ವಯಂ ಹಾನಿ ಎಂಬ ಆ ಪದವನ್ನೇ ಬರೆಸಿದ್ದಾರೆ. ಅದರ ಕೆಳಗಿನ ಬೆಂಚಿನ ಮೇಲೆ ಜನ ಕೂತು ಜ್ವರದ ಸರದಿ ಕಾಯುತ್ತಾರೆ, ಯಾರೂ ತಲೆ ಎತ್ತಿ ಓದುವುದನ್ನು ನಾನು ಕಂಡಿಲ್ಲ. ಪದ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. ಪದ ಬಂತು, ಗೋಡೆಯ ಮೇಲೆ ಕೂತಿತು.

ಹೀಗೇ ಕೆಲವು ವರ್ಷ ಕಳೆದವು. ಈ ವರ್ಷ ಮದುವೆಯ ಕಾಲದಲ್ಲಿ ಹುಕ್ಕೇರಿಯ ಒಂದು ಮನೆಗೆ ಬಳೆ ಇಡಲು ಹೋಗಿದ್ದೆ. ಮದುಮಗಳಿಗೆ, ಅವರ ಮನೆಯವರಿಗೆ ಇಟ್ಟು ಮುಗಿಸುವಾಗ ಬಂದ ನೆಂಟರಲ್ಲಿ ಆ ಅತ್ತೆ ಇದ್ದಳು. ಕೈ ಹಿಡಿದು ಆ ಕೂಸು. ಉದ್ದ ಆಗಿತ್ತು, ಮುಂದಿನ ಹಲ್ಲು ಬಿದ್ದಿತ್ತು. ಅತ್ತೆ ನನ್ನನ್ನು ನೋಡಿಯೂ ನೋಡದ ಹಾಗೆ, "ಈಕಿಗೆ ಒಂದೆರಡ ಇಡ್ರಿ" ಅಂದಳು. ಅವಳೂ ಸೊರಗಿದ್ದಳು.

ಕೂಸು ನನ್ನ ಮುಂದೆ ಕೂತು ಕೈ ಚಾಚಿತು. ನನ್ನ ಗುರುತು ಹಿಡಿಯಲಿಲ್ಲ. ಹೆಬ್ಬೆರಳು ಮಡಚಿ, ಗೆಣ್ಣು ಒತ್ತಿ ಅಳತೆ ನೋಡಿದೆ, ಒಂದು-ಹನ್ನೆರಡೂ ಬಿಗಿಯಾಯಿತು, ಒಂದು-ಹದಿನಾಲ್ಕು ತೆಗೆದೆ. ಎರಡು ಬಳೆ ಇಟ್ಟು ಕೈ ಬಿಡಬೇಕು ಅನ್ನುವಾಗ ಅದು ಕೈ ಎಳೆದುಕೊಳ್ಳಲಿಲ್ಲ.

"ಇನ್ನಾ ಇಡ್ರಿ. ಇಲ್ಲಿತನಕ" ಎಂದು ಇನ್ನೊಂದು ಕೈಯ ಬೆರಳನ್ನು ಮೊಣಕೈಗೆ ಮುಟ್ಟಿಸಿ ತೋರಿಸಿತು. "ನಮ್ಮವ್ವನ ಗತೆ."

"ಸಾಕ ಏಳ ಮ್ಯಾಲ!" ಎಂದು ಅಜ್ಜಿ ರಟ್ಟೆ ಹಿಡಿದು ಎಬ್ಬಿಸಿದಳು. ಕೂಸು ಹೋಗುತ್ತ ಹೋಗುತ್ತ ಎರಡೂ ಬಳೆಯನ್ನು ತೋಳಿನ ಮೇಲಕ್ಕೆ ಸರಿಸುತ್ತಿತ್ತು. ಅವು ಅಲ್ಲಿ ನಿಲ್ಲದೆ ಕೆಳಗೆ ಜಾರುತ್ತಿದ್ದವು. ಆ ಮನೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಾನು ಕಣ್ಣೀರು ಹಾಕಿದೆ. ಮುಖ ತೊಳೆದು ಬಂದು ಉಳಿದವರಿಗೆ ಬಳೆ ಇಟ್ಟೆ.

ಮುಂದಿನ ಸಂತೆಗೆ ಮೂಡಲಗಿಗೆ ಹೋದಾಗ ಹುಡುಗಿಯ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ತೋಳುದ್ದದ ರವಿಕೆ, ಅದೇ ಪ್ಲಾಸ್ಟಿಕ್ ಬಳೆ. ಬಿಸಿಲಿಗೆ ಅವುಗಳ ಬಣ್ಣ ಹೋಗಿತ್ತು. ಈಗ ಬಿಟ್ಟಿದ್ದೀಯಾ ಅಂತ ಕಣ್ಣಲ್ಲೇ ಕೇಳಿದೆ, ಅವಳು ಪಾತ್ರೆಯ ಕಡೆ ನೋಡಿದಳು. ನಾನು ಪಕ್ಕದಲ್ಲಿ ಕೂತೆ. ಬಾಜೂ ಕೂಡ್ರಬೇಕು ಅಂದಿದ್ದಳಲ್ಲ ಡಾಕ್ಟರು, ನನಗೆ ಉಳಿದದ್ದು ಅದೊಂದೇ.

"ಹುಕ್ಕೇರ್ಯಾಗ ನಿನ್ನ ಮಗಳ್ನ ನೋಡಿದ್ನಿ" ಅಂದೆ. ಅವಳ ಕೈ ನಿಂತಿತು.

"ಬಳಿ ಇಟ್ರ್ಯಾ?"

"ಇಟ್ನಿ. ಹಸರು."

"ಆಕಿ ಏನರ ಅಂದಳಾ?"

ಮೊಣಕೈತನಕ ಕೇಳಿದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಅವಳು ಏನು ಮಾಡಿಕೊಂಡಾಳೋ ಎಂಬ ಹೆದರಿಕೆ. "ಏನಿಲ್ಲ, ನಕ್ಕೋತ ಇದ್ಲು" ಅಂದೆ.

ಅವಳು ಕೈಯಲ್ಲಿದ್ದ ಪಾತ್ರೆ ತೊಳೆದಿಟ್ಟು ಕೇಳಿದಳು: "ಎಷ್ಟರ ಸೈಜ ಆತ್ರಿ ಈಗ?"

"ಒಂದು-ಹದಿನಾಲ್ಕು."

ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಒಂದು ಸಣ್ಣ ಬಳೆ ಮಾಡಿದಳು. "ಇಷ್ಟರೀ?" ಅಂದಳು. ನಾನು ಅವಳ ಬೆರಳುಗಳನ್ನು ಹಿಡಿದು ಇನ್ನೊಂದಿಷ್ಟು ಅಗಲ ಮಾಡಿ, "ಇಷ್ಟು" ಅಂದೆ. ಅವಳು ಅದನ್ನು ಹಾಗೇ ಹಿಡಿದುಕೊಂಡು ನೋಡುತ್ತ ಕೂತಳು. ನನ್ನ ಬಸ್ಸಿನ ಹೊತ್ತಾಯಿತು, ನಾನು ಎದ್ದು ಬರುವಾಗಲೂ ಅವಳು ಬೆರಳು ಬಿಚ್ಚಿರಲಿಲ್ಲ.